ಬೇಳೆ ಬೇಯುವ ನೀರು

ನಮ್ಮ ಓಣಿಯಲ್ಲಿ ನೀರಿನ ಗುಣವನ್ನು ತೊಗರಿಬೇಳೆಯಿಂದ ತಿಳಿಯುತ್ತಿದ್ದರು. ಹೊಸ ನೀರು ಸಿಕ್ಕಿದರೆ ಮೊದಲು ಅದರಲ್ಲಿ ಒಂದು ಹಿಡಿ ಬೇಳೆ ಹಾಕಿ ಒಲೆಯ ಮೇಲಿಡುವುದು. ಬೇಳೆ ಕರಗಿ ಹಿಟ್ಟಾದರೆ ಒಳ್ಳೆಯ ನೀರು. ಎಷ್ಟು ಕುದಿಸಿದರೂ ಕಾಳುಕಾಳಾಗಿ ಉಳಿದರೆ ಕೆಟ್ಟ ನೀರು. ಆಮೇಲೆ ಸಾಬೂನು ಹಚ್ಚಿ ನೋಡುವುದು. ನೊರೆ ಬಂತೆಂದರೆ ಆಯಿತು, ಆ ನೀರಿನ ಬಗ್ಗೆ ಮತ್ತೆ ಯಾರೂ ಮಾತಾಡುತ್ತಿರಲಿಲ್ಲ.

ನಮ್ಮದು ಇಳಕಲ್ಲಿನಲ್ಲಿ ಬಣ್ಣ ಹಾಕುವವರ ಓಣಿ. ನೇಕಾರರು ತಂದುಕೊಟ್ಟ ನೂಲಿಗೆ, ರೇಷ್ಮೆಗೆ ಬಣ್ಣ ಕೂಡಿಸಿ ಒಣಗಿಸಿ ಕೊಡುವುದು ಕೆಲಸ. ನಮ್ಮಪ್ಪ ಈರಪ್ಪ ಸೀರೆಯ ಸೆರಗಿಗೆ ಬೇಕಾಗುವ ಕೆಂಪಿಗೆ ಹೆಸರಾದವನು. ಮನೆಯ ಹಿತ್ತಲಲ್ಲಿ ದೊಡ್ಡ ಒಲೆ, ಅದರ ಮೇಲೆ ತಾಮ್ರದ ಹಂಡೆ, ಗೋಡೆಯುದ್ದಕ್ಕೂ ನೂಲಿನ ಲಡಿ ತೂಗುಹಾಕುವ ಬಿದಿರು. ಮೂಲೆಯಲ್ಲೊಂದು ಗುಂಡಿ. ಕೆಲಸ ಮುಗಿದ ಮೇಲೆ ಹಂಡೆಯಲ್ಲಿ ಉಳಿದ ಬಣ್ಣದ ನೀರನ್ನು, ಬಣ್ಣ ಹಿಡಿಯಲೆಂದು ಹಾಕಿದ ಉಪ್ಪು, ಸೋಡಾ ಸಮೇತ ಆ ಗುಂಡಿಗೆ ಚೆಲ್ಲುತ್ತಿದ್ದರು. ಎಷ್ಟು ಚೆಲ್ಲಿದರೂ ಬೆಳಗಾಗುವುದರೊಳಗೆ ಗುಂಡಿ ಕುಡಿದುಬಿಟ್ಟಿರುತ್ತಿತ್ತು. ಎಲ್ಲ ಮನೆಗಳ ಹಿಂದೆಯೂ ಹೀಗೊಂದು ಗುಂಡಿ. ಗುಂಡಿಗಳ ನಡುವೆ ಓಣಿಯ ಬಾವಿ.

ಆ ಬಾವಿಯ ನೀರು ಮೊದಲಿಂದಲೂ ಸ್ವಲ್ಪ ಗಡಸು ಎಂದು ಅವ್ವ ಹೇಳುತ್ತಿದ್ದಳು. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಅದು ಉಪ್ಪಾಗಿತ್ತು. ಬೇಸಿಗೆಯಲ್ಲಿ ನೀರು ತಳ ಕಂಡಾಗ ಕೊಡದಲ್ಲಿ ತೆಳುವಾದ ಕೆಂಪು ಛಾಯೆ ಕಾಣುತ್ತಿತ್ತು. ಬೇಳೆ ಬೇಯುತ್ತಿರಲಿಲ್ಲ. ಯಾರ ಗುಂಡಿಯ ಕೆಂಪು ಎಂದು ಯಾರೂ ಕೇಳಲಿಲ್ಲ, ಕೇಳಿದರೆ ಎಲ್ಲರ ಹೆಸರೂ ಬರುತ್ತಿತ್ತು. ನಮ್ಮ ಹೆಸರು ಮೊದಲು ಬರುತ್ತಿತ್ತು.

ಎಪ್ಪತ್ತೆರಡರ ಬರದ ಮರುವರ್ಷ ಬೋರು ಕೊರೆಯುವ ಯಂತ್ರ ಬಂತು. ಆಗ ನಾನು ಸಣ್ಣವಳು, ಆದರೆ ಆ ದಿನ ಚೆನ್ನಾಗಿ ನೆನಪಿದೆ. ಮೇಲಿನ ಮಣ್ಣು ಮುಗಿದ ಮೇಲೆ ಯಂತ್ರ ನಮ್ಮೂರಿನ ಕೆಂಪು ಕಲ್ಲಿಗೆ ಇಳಿಯಿತು. ಕೊಳವೆಯಿಂದ ನಸುಗೆಂಪು ಪುಡಿ ಹೊಗೆಯಂತೆ ಹಾರಿ ಎಲ್ಲರ ತಲೆಯ ಮೇಲೆ ಕೂತಿತು. ನಾವು ಮಕ್ಕಳು ಅದನ್ನೇ ಗುಲಾಲು ಮಾಡಿಕೊಂಡು ಒಬ್ಬರ ಕೆನ್ನೆಗೊಬ್ಬರು ಹಚ್ಚಿದೆವು. ನೀರು ಚಿಮ್ಮಿದಾಗ ಓಣಿಯ ಅಯ್ಯನವರಾದ ಬಸಯ್ಯ ತೆಂಗಿನಕಾಯಿ ಒಡೆದು ಎಲ್ಲರಿಗೂ ಕೇಳುವಂತೆ ಹೇಳಿದರು.

"ಕಲ್ಲಿನ ಹೊಟ್ಟ್ಯಾಗಿನ ನೀರಪಾ ಇದು. ಇದಕ್ಕ ಯಾರ ಕೈನೂ ಮುಟ್ಟಿಲ್ಲ, ಯಾರ ಬಣ್ಣನೂ ಮುಟ್ಟಿಲ್ಲ."

ಅವ್ವ ಅಂದೇ ಬೇಳೆ ಹಾಕಿ ನೋಡಿದಳು. ಒಂದು ಕುದಿ ಬರುವುದರೊಳಗೆ ಬೇಳೆ ಬೆಣ್ಣೆಯಾಗಿತ್ತು. ಆ ನೀರಿಗೆ ಸಣ್ಣದೊಂದು ಸಿಹಿಯೂ ಇತ್ತು. ಹಳೆಯ ಬಾವಿಯ ಬಾಯಿಗೆ ಅಡ್ಡಲಾಗಿ ಎರಡು ಕಲ್ಲಿನ ಹಾಸು ಎಳೆದರು. ಗುಂಡಿಗಳು ಇದ್ದಲ್ಲೇ ಇದ್ದವು. ಈಗ ಅವುಗಳ ಬಗ್ಗೆ ಯೋಚಿಸುವ ಕಾರಣವೂ ಉಳಿಯಲಿಲ್ಲ.

ನನಗಿಂತ ಮೂರು ವರ್ಷಕ್ಕೆ ಚಿಕ್ಕವಳು ಬನಶಂಕರಿ. ಅವಳ ಹಾಲುಹಲ್ಲು ಮಲ್ಲಿಗೆಯಂತಿದ್ದವು. ಅವು ಬಿದ್ದು ಹೊಸ ಹಲ್ಲು ಬಂದಾಗ ಸೀಮೆಸುಣ್ಣದಷ್ಟು ಬಿಳುಪಾಗಿದ್ದವು. ಎಲ್ಲರೂ ಮೆಚ್ಚಿಕೊಂಡರು. ವರ್ಷ ಕಳೆದಂತೆ ಆ ಬಿಳುಪಿನ ಮೇಲೆ ಹಳದಿ ಗೆರೆ ಎದ್ದವು, ಗೆರೆ ಕಂದಾದವು, ಕೊನೆಗೆ ಮುಂದಿನ ಹಲ್ಲೆಲ್ಲ ಎಲೆಅಡಿಕೆ ಹಾಕುವ ಮುದುಕಿಯ ಹಲ್ಲಿನಂತಾದವು. ಅವ್ವ ಇದ್ದಿಲು ಹಚ್ಚಿ ತಿಕ್ಕಿದಳು, ಉಪ್ಪು ಹಚ್ಚಿ ತಿಕ್ಕಿದಳು, ಇಟ್ಟಂಗಿ ಪುಡಿ ಹಚ್ಚಿ ಒಸಡಿನಿಂದ ರಕ್ತ ಬರುವವರೆಗೆ ತಿಕ್ಕಿದಳು. ಸಾಲೆಯಲ್ಲಿ ಮಾಸ್ತರರು ಎಲ್ಲರೆದುರು ನಿಲ್ಲಿಸಿ, "ಯಾವಾಗಿಂದ ತಂಬಾಕ ತಿನ್ನಾಕ ಹತ್ತೀಯವ್ವಾ?" ಎಂದು ಕೇಳಿದರಂತೆ. ಮರುದಿನದಿಂದ ಅವಳು ಸಾಲೆಗೆ ಹೋಗಲಿಲ್ಲ.

ನಾನು ಅದಕ್ಕೂ ಮೊದಲೇ ಸಾಲೆ ಬಿಟ್ಟಿದ್ದೆ. ನೂಲು ಹಿಂಡಲು ಮನೆಯಲ್ಲಿ ಕೈ ಬೇಕಿತ್ತು. ನನ್ನ ಮುಂದಿನ ಹಲ್ಲು ಬೆಳ್ಳಗಿದ್ದವು. ಒಳಗಿನ ದವಡೆ ಹಲ್ಲು ಮಾತ್ರ ಬನಶಂಕರಿಯವುಗಳಂತೆಯೇ ಕಂದು. ಬಾಯಿ ಅಗಲಿಸಿ ನಕ್ಕರೆ ಕಾಣುತ್ತಿದ್ದವು, ಆದ್ದರಿಂದ ನಾನು ತುಟಿ ಮುಚ್ಚಿ ನಗುವುದನ್ನು ಕಲಿತೆ. ಮಾತೂ ಕಡಿಮೆಯಾಯಿತು. "ಸಿದ್ದಿ ಭಾಳ ಸಭ್ಯ ಹುಡುಗಿ" ಎಂದರು ನನ್ನನ್ನು ನೋಡಿ ಓಣಿಯವರು.

ಓಣಿಯಲ್ಲಿ ಬನಶಂಕರಿಯ ಓರಗೆಯ ಮಕ್ಕಳ ಹಲ್ಲೆಲ್ಲ ಹೀಗೇ ಆಗಿದ್ದವು. ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ಕಾರಣ. ನಮ್ಮ ಮನೆಯಲ್ಲಿ ಮೈಯ ಉಷ್ಣ. ಪಕ್ಕದ ಬಣ್ಣದ ಮನೆಯ ರಂಜಾನಬಿ ಚಾಚಿಯ ಪ್ರಕಾರ ಯಾರದೋ ಕೆಟ್ಟ ದೃಷ್ಟಿ.

ಎಂಬತ್ತಮೂರರಲ್ಲಿ ನೀರು ಪರೀಕ್ಷೆಯವರು ಬಂದರು. ಕನ್ನಡಕದ ಒಬ್ಬ ತರುಣ ಸಾಹೇಬ, ಜೀಪಿನ ಚಾಲಕ, ಒಂದು ಪೆಟ್ಟಿಗೆ ತುಂಬ ಬಾಟಲಿ. ಬೋರಿನ ನೀರನ್ನೂ, ಹಾಸುಗಲ್ಲು ಸರಿಸಿ ಹಳೆಯ ಬಾವಿಯ ನೀರನ್ನೂ ತುಂಬಿಕೊಂಡು ಹೋದರು. ಮಳೆಗಾಲ ಕಳೆದ ಮೇಲೆ ಅದೇ ಸಾಹೇಬ ಮತ್ತೆ ಬಂದು ಬೋರಿನ ಕಟ್ಟೆಯ ಮೇಲೆ ಕೂತ. ನೀರಿಗೆ ನಿಂತವರು ನಾನು, ಚಾಚಿ ಇಬ್ಬರೇ. ಅಣ್ಣನ ಮಗ ಚಂದಪ್ಪ ನನ್ನ ಕಂಕುಳಲ್ಲಿದ್ದ. ಆಗಷ್ಟೇ ಹೆಜ್ಜೆ ಇಡಲು ಕಲಿತಿದ್ದ.

"ಈ ನೀರ ಕುಡಿಯಾಕ ಬರೂದಿಲ್ರಿ ಅಮ್ಮಾರ" ಎಂದ ಸಾಹೇಬ.

ಚಾಚಿ ಕೊಡ ಕೆಳಗಿಟ್ಟು ಸೊಂಟದ ಮೇಲೆ ಕೈ ಇಟ್ಟಳು. "ಹತ್ತ ವರ್ಷ ಕುಡದೀವಿ. ಸತ್ತಿದ್ದು ತಿಳೀಲೇ ಇಲ್ಲ ನೋಡ ನಮಗ."

ಅವನೂ ನಕ್ಕ. ಆಮೇಲೆ ಕಟ್ಟೆಯ ಪಕ್ಕದಲ್ಲಿ ಬಿದ್ದಿದ್ದ ಕೆಂಪು ಕಲ್ಲಿನ ಚೂರೊಂದನ್ನು ಎತ್ತಿ ಹಿಡಿದ. "ಇದರಾಗ ಫ್ಲೋರೈಡ್ ಅಂತ ಒಂದ ಇರ್ತೈತ್ರಿ. ಕೆಳಗ ಕಲ್ಲಿನ ಬಿರುಕನ್ಯಾಗ ನೀರ ವರ್ಷಗಟ್ಲೆ ನಿಂತಿರ್ತೈತಿ. ನಿಂತು ನಿಂತು ಅದನ್ನ ಕರಗಿಸಿಕೋತೈತಿ. ಬಾದಾಮಿ ಕಡೆ ಮರಳಗಲ್ಲ, ಅಲ್ಲಿ ಈ ಕಾಟ ಕಡಿಮಿ. ಬಾಗಲಕೋಟಿ ಕಡೆ ಸುಣ್ಣದ ಕಲ್ಲ, ಅಲ್ಲಿ ಕೊಡದ ತಳದಾಗ ಬಿಳಿ ಪದರ ಕಟ್ಟತೈತಿ, ಹಲ್ಲಿಗೇನೂ ಆಗೂದಿಲ್ಲ. ನಿಮ್ಮ ಮಕ್ಕಳ ಹಲ್ಲ ಕಂದಾಗಿದ್ದು ಈ ನೀರಿನಿಂದನ."

"ಬ್ಯಾಳಿ ಹಣ್ಣಾಗಿ ಕುದಿತೈತಲ್ಲೋ ಯಪ್ಪಾ? ಕೆಟ್ಟ ನೀರಾಗ ಬ್ಯಾಳಿ ಕುದಿತೈತೇನ?"

"ಅಲ್ಲೇ ಮೋಸ ಆಗಿದ್ದು. ಸುಣ್ಣದ ಅಂಶ ಕಡಿಮಿ ಇದ್ದ ನೀರಾಗ ಬ್ಯಾಳಿ ಲಗೂನ ಕುದಿತೈತಿ. ಸುಣ್ಣ ಕಡಿಮಿ ಇದ್ದಲ್ಲೇ ಈ ಫ್ಲೋರೈಡ್ ಹೆಚ್ಚಾಗೂದು. ನೀವು ಬ್ಯಾಳಿ ನೋಡಿ ಆರಿಸಿದ್ರಿ."

ಚಾಚಿ ಬಗ್ಗಿ ತನ್ನ ಕೊಡದೊಳಗೆ ನೋಡಿದಳು. ನಾನು ಪರಗಂಡಸಿನ ಜೊತೆ ಮಾತಾಡಿದವಳಲ್ಲ. ಆದರೆ ಚಂದ್ಯಾ ನನ್ನ ಬೆರಳು ಕಚ್ಚುತ್ತಿದ್ದ, ಅವನ ಪುಟ್ಟ ಹಲ್ಲು ಚುಚ್ಚುತ್ತಿದ್ದವು.

"ಈ ಕೂಸಿಗೆ?" ಎಂದೆ.

ಸಾಹೇಬ ಎದ್ದು ಬಂದು ಕೂಸಿನ ಗಲ್ಲ ಹಿಡಿದು ನೋಡಿದ. "ಈಗ ಕಾಣೂವು ಹಾಲಹಲ್ಲ. ಇವು ಬೆಳ್ಳಗನ ಇರ್ತಾವ. ಮುಂದ ಬರೂ ಹಲ್ಲ ಈಗ ಒಸಡಿನೊಳಗ ತಯಾರಾಗಾಕ ಹತ್ಯಾವ. ಈಗ ಏನ ಕುಡೀತಾನ ಅದು ಏಳನೇ ವರ್ಷಕ್ಕ ಹೊರಗ ಬರ್ತೈತಿ. ಇವನಿಗೆ ಬ್ಯಾರೆ ನೀರ ಕೊಟ್ರ ಇವನ ಹಲ್ಲ ಉಳಿತಾವ."

"ಬ್ಯಾರೆ ನೀರ ಎಲ್ಲೈತ್ರಿ?"

ಅವನು ಹಾಸುಗಲ್ಲು ಮುಚ್ಚಿದ ಬಾವಿಯ ಕಡೆ ತೋರಿಸಿದ. "ಅದು ಕೆಟ್ಟಿದ್ದು ಕಲ್ಲಿನಿಂದಲ್ಲ, ನಿಮ್ಮ ಗುಂಡಿಗಳಿಂದ. ಗುಂಡಿ ಮುಚ್ಚಿ ಬಣ್ಣದ ನೀರ ದೂರ ಸಾಗಸ್ರಿ. ನಾಕಾರ ಮಳಿಗಾಲಕ್ಕ ಬಾವಿ ತಿಳಿ ಆಗತೈತಿ. ಕೆಳಗಿನ ಕಲ್ಲ ಬದಲಸಾಕ ನನಗೂ ಆಗೂದಿಲ್ಲ, ನಿಮಗೂ ಆಗೂದಿಲ್ಲ. ಗುಂಡಿ ಬದಲಸಬಹುದು. ಅಲ್ಲೀತನಕ ಕೂಸಿಗಷ್ಟ ಹಳ್ಳದ ನೀರ ತರ್ರಿ, ಊರ ಮ್ಯಾಲಿನ ಕಡೆಯಿಂದ."

ಮನೆಗೆ ಬಂದು ಎಲ್ಲವನ್ನೂ ಹೇಳಿದೆ. ಅಷ್ಟು ಉದ್ದದ ಮಾತನ್ನು ನಾನು ಆ ಮನೆಯಲ್ಲಿ ಆಡಿದ್ದು ಅದೇ ಮೊದಲು. ಅವ್ವ ಕೇಳಿ, ಒಲೆಯ ಮೇಲಿನ ಗಡಿಗೆಯ ಮುಚ್ಚಳ ತೆಗೆದು, ಸೌಟಿನಲ್ಲಿ ಬೇಳೆ ಎತ್ತಿ ನನ್ನ ಮುಂದೆ ಸುರಿದು ತೋರಿಸಿದಳು. ಅದು ಹಾಲಿನಂತೆ ಇಳಿಯಿತು.

"ಇದು ವಿಷ ಅಂತೀಯೇನ?" ಎಂದಳು.

ಅಪ್ಪ ಲಡಿ ಹಿಂಡುತ್ತಿದ್ದ. ಮೊಣಕೈವರೆಗೂ ಕೆಂಪು. "ಬಣ್ಣದ ನೀರ ದೂರ ಸಾಗಸಬೇಕಂತೋ? ಯಾರು, ಅವರಪ್ಪ ಬಂದು ಹೊರತಾನೇನ? ನಾ ಇಲ್ಲಿ ನೂಲ ನೋಡ್ಲೋ, ಹೊಲಸ ಹೊತಗೊಂಡ ಊರ ತಿರಗಲೋ?"

ಚಂದ್ಯಾನ ಅವ್ವ ಶಾರವ್ವ ವೈನಿ ಬಾಗಿಲಲ್ಲಿ ನಿಂತಿದ್ದಳು. ಕೂಸಿನ ಬಾಯಿಯನ್ನು ಒಮ್ಮೆ ಬೆರಳಿನಿಂದ ಅಗಲಿಸಿ ನೋಡಿ, "ಬೆಳ್ಳಗ ಅದಾವಲ್ಲ" ಎಂದಳು. ಅಷ್ಟಕ್ಕೆ ಮುಗಿಯಿತು.

ಕೆಲವು ದಿನಗಳ ಮೇಲೆ ಬೆಳಿಗ್ಗೆ ಎದ್ದು ನೋಡಿದರೆ ಬೋರಿಗೆ ಕೆಂಪು ಬಣ್ಣ ಬಳಿದಿದ್ದರು. ಕುಡಿಯಬಾರದ ನೀರು ಎಂಬುದಕ್ಕೆ ಆ ಗುರುತು. ಆದರೆ ಅದನ್ನು ಬಳಿದದ್ದು ಬಣ್ಣದವರ ಓಣಿಯಲ್ಲಿ. ಅಪ್ಪ ಹತ್ತಿರ ಹೋಗಿ ಉಗುರಿನಿಂದ ಕೆರೆದು, "ಇದೂ ಒಂದ ಕೆಂಪೇನ? ಇಟ್ಟಂಗಿ ಬಣ್ಣ. ನನಗ ಹೇಳಿದ್ರ ಕೂಡಿಸಿ ಕೊಡ್ತಿದ್ನಿ" ಎಂದು ನಗಿಸಿದ. ಸರಕಾರದವರು ಬೋರನ್ನು ಸಿಂಗರಿಸಿದ್ದಾರೆಂದೇ ಎಲ್ಲರ ಎಣಿಕೆ. ಯಾರೋ ಹೆಣ್ಣುಮಗಳು ಕುಂಕುಮ ಹಚ್ಚಿ ಹೂವು ಏರಿಸಿದಳು. ಸಾಹೇಬನ ಮಾತು ಕೇಳಿದ್ದರಿಂದ ಗುರುತಿನ ಅರ್ಥ ಊಹಿಸಿದ ಚಾಚಿ ಮತ್ತು ನಾನು ಒಬ್ಬರ ಮುಖ ಒಬ್ಬರು ನೋಡಿದೆವು. ಚಾಚಿಯೇ ಬಾಯಿಬಿಟ್ಟು ಹೇಳಿದಳು.

ಅಂದು ಸಂಜೆಯೇ ಬಸಯ್ಯ ಎಲ್ಲರನ್ನೂ ಕರೆಸಿದರು. "ಇದು ಬಣ್ಣಲ್ಲಪಾ, ಬರಿ. ನಮ್ಮ ಓಣಿಗೆ ಬರಿ ಎಳದು ಹೋಗ್ಯಾರ. ನಾಳೆ ಈ ಓಣಿಗೆ ಹೆಣ್ಣ ಕೊಡವ್ರ ಯಾರು? ಇಲ್ಲೀವ ಹೆಣ್ಣ ತಗೊಳವ್ರ ಯಾರು?"

ಮಾತು ಸುಳ್ಳಲ್ಲ. ಪ್ರತಿ ಮನೆಯಲ್ಲೂ ಮದುವೆಗೆ ಬಂದ ಮಕ್ಕಳಿದ್ದರು. ಕೆಂಪನ್ನು ಕೆರೆದು, ಯಾರದೋ ಬಾಗಿಲಿಗೆ ಬಳಿದು ಉಳಿದಿದ್ದ ಹಸಿರು ಬಳಿದರು.

ನನ್ನನ್ನು ನೋಡಲು ಬಾದಾಮಿಯಿಂದ ಬಂದದ್ದು ಅದಾದ ಮೇಲೆ. ಹುಡುಗನಿಗೆ ಅಲ್ಲಿ ಬಟ್ಟೆ ಅಂಗಡಿ. ಬಂದವರು ಹುಡುಗನ ತಾಯಿ ಮತ್ತು ಸೋದರಮಾವ. ಅಮೀನಗಡದಲ್ಲಿ ಬಸ್ಸು ನಿಂತಾಗ ಕೊಂಡ ಕರದಂಟಿನ ಪೊಟ್ಟಣ ತಂದಿದ್ದರು. ನೋಡಿ ಹೋಗುವವರು ಸಿಹಿ ತಂದರೆಂದರೆ ಮನಸ್ಸು ಮಾಡಿಯೇ ಬಂದಿದ್ದಾರೆ ಎಂದು ಅವ್ವ ಒಳಗೆ ಪಿಸುಗುಟ್ಟಿದಳು.

ಅವರು ಬರುವ ಮೊದಲೇ ಬನಶಂಕರಿಯನ್ನು ಹಿತ್ತಲಿನ ನೂಲಿನ ಕೋಣೆಗೆ ಕಳಿಸಿ ಹೊರಗಿನಿಂದ ಚಿಲಕ ಹಾಕಿದ್ದರು. ಅಕ್ಕನನ್ನು ನೋಡುವವರಿಗೆ ತಂಗಿಯ ಬಾಯಿ ಕಾಣಬಾರದು. ಅವಳು ತಕರಾರು ಮಾಡಲಿಲ್ಲ. "ನೀರಿನ ತಂಬಿಗಿ ಇಡ್ರಿ. ಹೆಂಗೂ ಅದನ್ನ ಕುಡದ ಕುಂತೀನಿ" ಎಂದಳಷ್ಟೆ.

ಹುಡುಗನ ತಾಯಿ ನನ್ನ ಕೈ ನೋಡಿದಳು, ಜಡೆ ನೋಡಿದಳು. ಹೆಸರು ಕೇಳಿದಳು. ನಾನು ತುಟಿ ಬಿಚ್ಚಿದಾಗ ಮುಂದಿನ ಹಲ್ಲು ನೋಡಿದಳು. ಅವಳ ಮುಖ ಸಡಿಲಾಯಿತು.

"ನಮಗ ಯಾರೋ ಏನೇನೋ ಹೇಳಿದ್ರವ್ವಾ. ಈ ಓಣ್ಯಾಗ ಎಲ್ಲಾರ ಹಲ್ಲ ಹೊಲಸ ಅಂತ. ಮಂದಿ ಬಾಯಿ ನೋಡ."

ಅದೇ ಹೊತ್ತಿಗೆ ಹೊರಗೆ ಗದ್ದಲವೆದ್ದಿತು. ಸಾಹೇಬ ಮತ್ತೆ ಕೆಂಪು ಬಣ್ಣದ ಡಬ್ಬಿ ಹಿಡಿದು ಬಂದಿದ್ದ. ಓಣಿಯವರು ಬೋರನ್ನು ಸುತ್ತುವರಿದಿದ್ದರು. ಸೋದರಮಾವ ಎದ್ದು ಬಾಗಿಲಿಗೆ ಹೋದ, ತಾಯಿಯೂ ಹೋದಳು. ಎಲ್ಲರ ಮುಂದೆ ನಿಂತಿದ್ದ ಬಸಯ್ಯ ಅತಿಥಿಗಳನ್ನು ಕಂಡರು. ಕ್ಷಣ ಯೋಚಿಸಿದರು. ಸಾಹೇಬನ ಬಾಯನ್ನೂ ಅತಿಥಿಗಳ ಬಾಯನ್ನೂ ಒಂದೇ ಸಲ ಮುಚ್ಚಿಸುವ ದಾರಿ ಅವರಿಗೆ ಹೊಳೆದಿರಬೇಕು.

"ಸಿದ್ದವ್ವಾ, ಬಾ ಇಲ್ಲಿ ಹೊರಗ."

ಅಪ್ಪ ನನ್ನ ಬೆನ್ನ ಮೇಲೆ ಕೈಯಿಟ್ಟು ಮುಂದೆ ತಳ್ಳಿದ. ಬಾಗಿಲಲ್ಲಿ ಕೂತಿದ್ದ ಚಂದ್ಯಾ ನನ್ನ ಸೀರೆ ಹಿಡಿದುಕೊಂಡು ಜೊತೆಗೇ ಬಂದ.

"ನೋಡ್ರಿ ಸಾಹೇಬರ" ಎಂದರು ಬಸಯ್ಯ, "ಈಕಿ ಇದ ಓಣ್ಯಾಗ ಹುಟ್ಟಿ ಇದ ನೀರ ಕುಡದ ಬೆಳದಾಕಿ. ನಗು ತಂಗಿ, ಸಾಹೇಬರಿಗೆ ಹಲ್ಲ ತೋರಸ. ಮುತ್ತಿನಂಥಾ ಹಲ್ಲ. ನಿಮ್ಮ ನೀರಿನ ರೋಗ ಈಕಿನ್ನ ಯಾಕ ಬಿಟ್ಟತ್ರಿ?"

ಜನ ನಕ್ಕರು. ಹುಡುಗನ ತಾಯಿಯೂ ನಕ್ಕಳು. ಸಾಹೇಬ ನನ್ನತ್ತ ನೋಡಿದ. ಅವನಿಗೆ ನನ್ನ ಗುರುತು ಸಿಕ್ಕಿತು. "ಬೋರ ಹಾಕಿದಾಗ ಈಕಿ ಎಷ್ಟ ವರ್ಷದಾಕಿ ಇದ್ದಳ್ರಿ? ಮುಂದಿನ ಹಲ್ಲ ಅದಕ್ಕೂ ಮೊದಲ ತಯಾರಾಗಿರ್ತಾವ" ಎಂದು ಮೆಲ್ಲಗೆ ಕೇಳಿದ. ಆ ಪ್ರಶ್ನೆಗೆ ಯಾರೂ ಕಿವಿಗೊಡಲಿಲ್ಲ. ಡಬ್ಬಿಯನ್ನು ಯಾರೋ ಕಸಿದುಕೊಳ್ಳುತ್ತಿದ್ದರು. "ಒಯ್ಯಲೇ ನಿನ್ನ ಬಣ್ಣ, ಬಣ್ಣದವರಿಗೆ ಬಣ್ಣ ಮಾರಾಕ ಬಂದಾನ" ಎಂದು ಕೂಗು. ಅವನು ಹೊರಟುಬಿಡುತ್ತಾನೆ, ಮತ್ತೆ ಬರುವುದಿಲ್ಲ ಎಂದು ನನಗೆ ಕಂಡಿತು. ಅವನು ಹೋದರೆ ಆ ಹಸಿರು ಬೋರು ಹಾಗೇ ಉಳಿಯುತ್ತದೆ, ಚಂದ್ಯಾ ಅದನ್ನೇ ಕುಡಿಯುತ್ತಾನೆ, ನನ್ನ ಮುಂದಿನ ಹಲ್ಲೇ ಅದಕ್ಕೆ ಸಾಕ್ಷಿಯಾಗುತ್ತದೆ.

 ಬಾಯಿ ತೆರೆದೆ. ಗಂಟಲು ಕಾಣುವಷ್ಟು ತೆರೆದು, ಎರಡೂ ಕೆನ್ನೆಯನ್ನು ಬೆರಳಿನಿಂದ ಹಿಂದಕ್ಕೆ ಎಳೆದು, ತಲೆ ಮೇಲೆತ್ತಿ ಬಿಸಿಲಿಗೆ ಹಿಡಿದೆ. ಮೊದಲು ಸಾಹೇಬನ ಕಡೆ ತಿರುಗಿದೆ. ಆಮೇಲೆ ಹುಡುಗನ ತಾಯಿಯ ಕಡೆ.

ನಗು ನಿಂತಿತು. ಅವಳು ಹತ್ತಿರ ಬಂದು ಬಗ್ಗಿ ನೋಡಿದಳು, ಸಂತೆಯಲ್ಲಿ ಎಮ್ಮೆಯ ಬಾಯಿ ನೋಡುವವರಂತೆ ನಿಧಾನವಾಗಿ. ಆಮೇಲೆ ಸೆರಗು ಸರಿಪಡಿಸಿಕೊಂಡು ತಮ್ಮನಿಗೆ, "ಬಸ್ಸಿನ ಹೊತ್ತಾತು, ನಡಿ" ಎಂದಳು. ಅವ್ವ ಹಿಂದೆ ಓಡಿದಳು. "ಫಳಾರರ ಮಾಡಿ ಹೋಗ್ರಿ, ಅವಲಕ್ಕಿ ಕಲಸೀನಿ, ಒಂದ ತುತ್ತರ ಬಾಯಾಗ ಹಾಕ್ಕೊರ್ರಿ." ನೀರು ಸಹ ಮುಟ್ಟದೆ ಹೋದರು. ಅದೊಂದರಲ್ಲಿ ಅವರದು ಬುದ್ಧಿವಂತಿಕೆ.

ಸಾಹೇಬ ಬೋರಿಗೆ ಕೆಂಪು ಬಳಿದ. ಈ ಸಲ ಯಾರೂ ತಡೆಯಲಿಲ್ಲ. ಹೋಗುವ ಮುನ್ನ ನನಗೇನೋ ಹೇಳಬೇಕೆಂದು ನಿಂತ. ಸುತ್ತ ನಿಂತಿದ್ದ ಜನರನ್ನು ನೋಡಿದ. ಜೀಪು ಹತ್ತಿ ಹೋದ.

ಅಪ್ಪ ಹೊಡೆಯಲಿಲ್ಲ. ಹೊಡೆದಿದ್ದರೆ ಮುಗಿದುಹೋಗುತ್ತಿತ್ತು. ಹಿತ್ತಲಿಗೆ ಹೋಗಿ ಬೆಂಕಿ ಮುಂದುಮಾಡಿದ. ಅವ್ವ ನೂಲಿನ ಕೋಣೆಯ ಚಿಲಕ ತೆಗೆದಳು. ಬನಶಂಕರಿ ಹೊರಗೆ ಬಂದು ಎಲ್ಲವನ್ನೂ ಕೇಳಿ ತಿಳಿದುಕೊಂಡಳು. ಅಂಗಳದಲ್ಲಿ ಕೂತು, ಅವರು ಬಿಟ್ಟುಹೋಗಿದ್ದ ಕರದಂಟಿನ ಪೊಟ್ಟಣ ಬಿಚ್ಚಿ ಕಟಕಟ ಕಡಿದು ತಿನ್ನತೊಡಗಿದಳು.

"ಹಲ್ಲ ಗಟ್ಟಿ ಅದಾವ ನೋಡ" ಎಂದಳು ನನ್ನ ಕಡೆ ನೋಡದೆ. "ಹೊಲಸ ಅದಾವ, ಆದರ ಗಟ್ಟಿ ಅದಾವ."

"ಬನಿ, ಚಂದ್ಯಾನ ಸಲುವಾಗಿ..."

"ನಿನಗ ದೇವರು ಮುಂದಿನ ಹಲ್ಲರ ಬೆಳ್ಳಗ ಕೊಟ್ಟಿದ್ದ. ನೀ ಬಾಯಿ ಮುಚಗೊಂಡ ಬಾದಾಮಿಗೆ ಹೋಗಿದ್ರ, ಸಿದ್ದಿ ತಂಗಿ ಅಂತ ನನ್ನೂ ಯಾರರ ಒಯ್ತಿದ್ರು. ನಾ ಬೆಳಿಗ್ಗಿಂದ ಕತ್ತಲ್ಯಾಗ ಕುಂತಿದ್ದು ಯಾರ ಸಲುವಾಗಿ?"

ನಾನು ಒಳಗೆ ಹೋಗಿ ಕಲಸಿಟ್ಟ ಅವಲಕ್ಕಿಗೆ ಮುಚ್ಚಳ ಹಾಕಿದೆ. 

ಮಾರನೆಯ ದಿನ ಬೋರಿನ ಹತ್ತಿರ ಹೋದಾಗ ಅವ್ವ ಅಲ್ಲಿ ಕೂತಿದ್ದಳು. ಒಂದು ಕೈಯಲ್ಲಿ ಸೀಮೆಎಣ್ಣೆ, ಇನ್ನೊಂದರಲ್ಲಿ ಚಿಂದಿ. ಬಣ್ಣ ಹಾಕುವ ಮನೆಯವಳಿಗೆ ಬಣ್ಣ ತೆಗೆಯುವುದೂ ಗೊತ್ತು. ಕೆಂಪು ಅವಳ ಕೈಗಿಳಿದು ಕಟ್ಟೆಗಿಳಿಯುತ್ತಿತ್ತು.

"ಇನ್ನೂ ಮನಿಯಾಗ ಒಬ್ಬಾಕಿ ಅದಾಳ. ನಿನ್ನ ಕತಿ ಮುಗೀತು" ಎಂದಳು.

ಬಾವಿಯ ಮಾತನ್ನು ಯಾರೂ ಎತ್ತಲಿಲ್ಲ. ಗುಂಡಿಗಳು ಕುಡಿಯುತ್ತಲೇ ಇದ್ದವು.

ನಾನು ಹಳ್ಳಕ್ಕೆ ಹೋಗತೊಡಗಿದೆ. ಊರು ದಾಟಿ ಮೇಲಿನ ಕಡೆ, ಯಾರೂ ನೂಲು ತೊಳೆಯದ ಜಾಗದಲ್ಲಿ ಉಸುಕು ತೋಡಿ ವರತಿ ಮಾಡಿಕೊಂಡೆ. ವರತಿಯೆಂದರೆ ಮೊಣಕೈ ಆಳದ ಕುಳಿ. ನೀರು ಉಸುಕಿನೊಳಗಿಂದ ಸೋಸಿ ಸೋಸಿ ನಿಲ್ಲುತ್ತದೆ. ಅದನ್ನು ಬಟ್ಟಲಿನಿಂದ ತೋಡಿ ಕೊಡಕ್ಕೆ ತುಂಬಬೇಕು. ದಿನವೂ ಒಂದು ಕೊಡ. ಒಲೆಯ ಪಕ್ಕದಲ್ಲಿಟ್ಟು, "ಇದು ಚಂದ್ಯಾಗ ಕುಡಿಯಾಕ, ಅವನ ಬ್ಯಾಳಿಗೂ ಇದ" ಎಂದು ವೈನಿಗೆ ಹೇಳುತ್ತಿದ್ದೆ. ವೈನಿ ಹ್ಞೂಂ ಎನ್ನುತ್ತಿದ್ದಳು. ಸಂಜೆಗೆ ಕೊಡ ಖಾಲಿಯಾಗಿರುತ್ತಿತ್ತು. ಬೇಸಿಗೆಯಲ್ಲಿ ವರತಿ ಬತ್ತಿದರೆ ಇನ್ನೂ ಮೇಲೆ ಹೋಗಿ ತೋಡುತ್ತಿದ್ದೆ. ಓಣಿಯವರಿಗೆ ಅದೊಂದು ತಮಾಷೆ. "ಏ ಸಿದ್ದಿ, ಬಾದಾಮಿ ತನಕ ಹೋಗಿ ಬಂದೇನು?" ಎಂದು ಕೇಳುತ್ತಿದ್ದರು. ನಾನು ಬಾಯಿ ತೆರೆಯುತ್ತಿರಲಿಲ್ಲ. ನಾಲ್ಕು ಮಂದಿಯ ಮುಂದೆ ಒಮ್ಮೆ ತೆರೆದದ್ದು ಸಾಕಾಗಿತ್ತು. ನೋಡಲು ಮತ್ತೆ ಯಾರೂ ಬರಲಿಲ್ಲ.

ಎರಡು ವರ್ಷ ಹೀಗೇ ಕಳೆಯಿತು. ಒಂದು ದಿನ ಹೊಟ್ಟೆನೋವೆಂದು ಹಳ್ಳದಿಂದ ಬಂದವಳು, ದಿನದಂತೆ ಒಣಗಿದ ಲಡಿ ಕೊಡಲು ನೇಕಾರರ ಮನೆಗಳಿಗೆ ಹೋಗದೆ ಮನೆಯಲ್ಲೇ ಮಲಗಿದ್ದೆ. ಅಪ್ಪ ಬಂದು ನನ್ನ ಕೊಡವನ್ನೆತ್ತಿ ಹಿತ್ತಲಿಗೆ ಒಯ್ದ. ರೇಷ್ಮೆಯ ಹಂಡೆಗೆ ಸುರಿಯುವ ಸಪ್ಪಳ ಕೇಳಿಸಿತು. ಎದ್ದು ಹೋದೆ.

"ಅಪ್ಪಾ, ಅದು ಕೂಸಿನ ನೀರು."

ಅವನು ಅಡಗಿಸಲೂ ಇಲ್ಲ, ನಾಚಲೂ ಇಲ್ಲ. ಒದ್ದೆ ಲಡಿಯೊಂದನ್ನು ಬಿದಿರಿನಿಂದ ಎತ್ತಿ ಬಿಸಿಲಿಗೆ ಹಿಡಿದ. "ಕೆಂಪ ನೋಡ ಹೆಂಗ ಎದ್ದೈತಿ. ಬೋರಿನ ನೀರಾಗ ರೇಶಿಮಿ ಕೆಂಪ ಮಂಕ ಹೊಡೀತಿತ್ತು. ನಿನ್ನ ವರತಿ ನೀರ ಬಂದ ಮ್ಯಾಲೆ ನೇಕಾರರು ಹುಡುಕ್ಯಾಡಿ ಬರಾಕ ಹತ್ಯಾರ. ನಾಳೆಯಿಂದ ಎರಡ ಕೊಡ ತಾ."

ವೈನಿಯ ಕಡೆ ನೋಡಿದೆ. ಅವಳು ಕಣ್ಣು ತಪ್ಪಿಸಿದಳು. "ಆ ನೀರಾಗ ಬ್ಯಾಳಿ ಕುದಿಯೂದಿಲ್ಲ ಸಿದ್ದಿ. ಒಂದೆರಡ ದಿನ ಮಾಡಿ ನೋಡಿದ್ನಿ. ಕಾಳ ಹಂಗಽ ಉಳದ್ವು, ಹುಡುಗ ಉಣಲಿಲ್ಲ. ಅತ್ತಿ ಬೈದ್ರು. ಮಾವನೂ ನೀರ ಕೇಳಿದ್ರು. ನಾ ಏನ ಮಾಡ್ಲಿ?"

ಒಂದೆರಡು ದಿನ. ಉಳಿದ ದಿನಗಳೆಲ್ಲ ನಾನು ಉಸುಕು ತೋಡಿ ತಂದದ್ದು ಯಾರ್ಯಾರದೋ ಸೆರಗಿಗೆ ಹೋಗಿತ್ತು. ಉಳಿದದ್ದು ಗುಂಡಿಗೆ ಹೋಗಿತ್ತು, ಗುಂಡಿಯಿಂದ ಬಾವಿಗೆ.  ಆಮೇಲೆ ಹಳ್ಳಕ್ಕೆ ಹೋಗುವುದು ನಿಲ್ಲಲಿಲ್ಲ, ಈಗ ಅದು ಮನೆಯ ಕೆಲಸವಾಗಿತ್ತು. ಎರಡು ಕೊಡ ಅಪ್ಪನಿಗೆ. ಚಂದ್ಯಾನನ್ನು ಜೊತೆಗೆ ಕರೆದೊಯ್ದು ವರತಿಯ ಬಳಿಯೇ ಬೊಗಸೆಯಲ್ಲಿ ಕುಡಿಸುತ್ತಿದ್ದೆ. ಅವನು ಎರಡು ಗುಟುಕು ಕುಡಿದು, "ಸಪ್ಪಗೈತಿ, ಮನಿ ನೀರ ಸಿಹಿ" ಎಂದು ಓಡಿಬಿಡುತ್ತಿದ್ದ.

ಈ ವರ್ಷ ಅವನ ಮೊದಲ ಹಾಲುಹಲ್ಲು ಬಿತ್ತು. ಅವ್ವ ಅದನ್ನು ಸಗಣಿಯಲ್ಲಿ ಸುತ್ತಿ ಅವನ ಕೈಗೆ ಕೊಟ್ಟಳು. ಅವನು ಅಂಗಳದಲ್ಲಿ ನಿಂತು, ಹಳೆಯದು ಒಯ್ಯಿ ಹೊಸದು ಕೊಡು ಎಂದು ಕೂಗಿ ಮಾಳಿಗೆಯ ಮೇಲೆ ಒಗೆದ. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ದಿನವೂ ನಾನು ಅವನ ಒಸಡು ನೋಡುತ್ತಿದ್ದೆ. ಅವನು ಅದನ್ನೊಂದು ಆಟವೆಂದುಕೊಂಡು ನನ್ನನ್ನು ಕಂಡೊಡನೆ ಬಾಯಿ ಅಗಲಿಸುತ್ತಿದ್ದ.

ನಿನ್ನೆ ಬೆಳಿಗ್ಗೆ ಹೊಸ ಹಲ್ಲು ಕಾಣುವಷ್ಟು ಮೇಲೆ ಬಂದಿತ್ತು. ಹೊಸ್ತಿಲ ಬಿಸಿಲಿನಲ್ಲಿ ಕೂಡಿಸಿ, ಸೆರಗಿನ ತುದಿಯಿಂದ ಎಂಜಲು ಒರೆಸಿ ನೋಡಿದೆ. ಅವ್ವನೂ ಬಗ್ಗಿ ನೋಡಿದಳು. ಅವಳ ಮುಖ ಅರಳಿತು.

"ನೋಡ್ರೇ, ನೋಡ್ರಿ! ಎಷ್ಟ ಬೆಳ್ಳಗ ಐತಿ! ಸುಣ್ಣ ಬಳದಂಗ ಐತಿ. ಏನ ಹೇಳ್ತಿದ್ದೆ ನೀ, ಇದ ನೀರ ಕುಡದ ಬೆಳದಾನಲ್ಲೇನ ಇವ?"

ವೈನಿ ಒಲೆಯ ಮುಂದಿನಿಂದ ಎದ್ದು ಬಂದಳು. ಅಪ್ಪ ಹಿತ್ತಲಿಂದ ಬಂದ. ಚಂದ್ಯಾ ಎಲ್ಲರಿಗೂ ತಿರುಗಿ ತಿರುಗಿ ತೋರಿಸಿದ.

ಬನಶಂಕರಿ ಕೊನೆಗೆ ಬಂದಳು. ಅವನ ಗಲ್ಲ ಹಿಡಿದು, ಆ ಒಂದೇ ಹಲ್ಲನ್ನು ಬಹಳ ಹೊತ್ತು ನೋಡಿದಳು. ಸೀಮೆಸುಣ್ಣದಂಥ, ಹೊಳಪಿಲ್ಲದ ಬಿಳುಪು. ಆಮೇಲೆ ನನ್ನ ಕಡೆ ನೋಡಿದಳು. ಎಷ್ಟೋ ವರ್ಷಗಳ ಮೇಲೆ ಅವಳು ನನ್ನನ್ನು ನೇರ ನೋಡಿದ್ದು ಅದೇ ಮೊದಲು.

"ನಂದೂ ಹಿಂಗ ಬಂದಿತ್ತು" ಎಂದಳು ನನಗಷ್ಟೇ ಕೇಳುವಂತೆ.

ಒಳಗೆ ಗಡಿಗೆ ಉಕ್ಕುತ್ತಿತ್ತು. ಅವ್ವ, "ಬ್ಯಾಳಿ ಬೆಂತು, ಇಳಸ್ರೇ" ಎನ್ನುತ್ತ ಓಡಿದಳು.